ಹಳ್ಳ ಇದೆ ಅಂತ ಬರೆದರೆ ಕೆಲಸ ಹೋಗುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಗುಬ್ಬಿ ತಾಲ್ಲೂಕಿನವಳು, ವಯಸ್ಸು 27. ಬಿ.ಆರ್ಕ್ ಆದ ಮೇಲೆ ಹೊರ ರಾಜ್ಯದಲ್ಲಿ ಎಂ.ಪ್ಲಾನ್ (ನಗರ ಯೋಜನೆ) ಮಾಡಿದೆ. ಒಂದೂವರೆ ವರ್ಷದಿಂದ ಒಂದು ಯೋಜನಾ ಪ್ರಾಧಿಕಾರದಲ್ಲಿ ಗುತ್ತಿಗೆ ಮೇಲೆ ಇದ್ದೇನೆ. ಊರು ಕಟ್ಟುವ ಕೆಲಸ ಅಂತ ಬಂದೆ, ಇಲ್ಲಿ ದಿನಾ ಬರೀ ಲೇಔಟ್ ಅನುಮತಿಯ ಫೈಲು. ಹೋದ ತಿಂಗಳು ಒಂದು ಲೇಔಟಿನ ಸ್ಥಳ ಪರಿಶೀಲನೆಗೆ ಹೋಗಿದ್ದೆ. ಜಮೀನಿನ ಪೂರ್ವದ ಅಂಚಿನಲ್ಲಿ ಹಳ್ಳ ಇದೆ, ಕಣ್ಣಾರೆ ನೋಡಿದೆ. ಲೇಔಟಿನವರು ಕೊಟ್ಟ ನಕ್ಷೆಯಲ್ಲಿ ಹಳ್ಳವೇ ಇಲ್ಲ, ಆ ಜಾಗದಲ್ಲಿ ಒಂಬತ್ತು ಸೈಟು ಇದೆ. ಆಫೀಸಿನಲ್ಲಿ ಮೇಲಿನವರಿಗೆ ಹೇಳಿದ್ದಕ್ಕೆ "ಈಗೇನ್ ನೀರ್ ಬರುತ್ತಾ ಅಲ್ಲಿ, ಸುಮ್ನೆ ರಿಪೋರ್ಟ್ ಹಾಕಮ್ಮ" ಅಂದರು. ಬಾಯಲ್ಲಿ ಹೇಳಿದ್ದು, ಬರೆದು ಕೊಟ್ಟಿಲ್ಲ. ಫೈಲು ನನ್ನ ಟೇಬಲ್ ಮೇಲೇ ಇದೆ. ನನ್ನ ಜೊತೆ ಓದಿದವಳು ಬೆಂಗಳೂರಿನ ಬಿಲ್ಡರ್ ಕಂಪನಿಯಲ್ಲಿ ನನ್ನ ಮೂರು ಪಟ್ಟು ಸಂಬಳ ತೆಗೆದುಕೊಳ್ಳುತ್ತಾಳೆ. ನನಗೆ ಓದಿದ ಸಾಲ ಇನ್ನೂ ಇದೆ. ಅಪ್ಪ "ಸರ್ಕಾರಿ ಆಫೀಸು, ತಲೆ ತಗ್ಗಿಸಿಕೊಂಡು ಇರು" ಅನ್ನುತ್ತಾರೆ. ಕಾಲೇಜಲ್ಲಿ ಮೇಷ್ಟ್ರು ಪ್ಲಾನರ್ ಅಂದರೆ ಜನರ ಸೇವಕ ಅನ್ನುತ್ತಿದ್ದರು. ಅದು ಪಾಠಕ್ಕೆ ಮಾತ್ರಾನಾ? ಬಿಡಲಾ, ಕೆಪಿಎಸ್‌ಸಿಗೆ ಓದಲಾ, ಬೆಂಗಳೂರಿಗೆ ಹೋಗಲಾ? ನಾನೇ ದಡ್ಡಿ ಅನ್ನಿಸಿಬಿಟ್ಟಿದೆ. (ಹೆಸರು ಬೇಡ, ತುಮಕೂರು)

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಕೇಳಿರುವುದು ಕೆಲಸ ಬಿಡಬೇಕಾ ಅಂತ. ಆದರೆ ಪತ್ರದ ತುಂಬಾ ಇರುವುದು ಆ ಹಳ್ಳ. ಆ ಫೈಲಿಗೆ ಏನು ಬರೆಯಬೇಕು ಅನ್ನುವುದು ಈಗ ನಿಮ್ಮ ನಿದ್ದೆ ಕೆಡಿಸಿದೆ. ಸಂಬಳ, ಅಪ್ಪ, ಬೆಂಗಳೂರು ಎಲ್ಲ ಅದರ ಬಾಲ ಹಿಡಿದು ಬಂದಿವೆ. ಆದ್ದರಿಂದ ಮೊದಲು ಹಳ್ಳದ ಮಾತಾಡೋಣ.

ನಾನು ನಗರ ಯೋಜನೆ ಕೆಲಸದಲ್ಲಿ 31 ವರ್ಷ ಇದ್ದವನು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ಕೂತು ಫೈಲು ನೋಡಿದ್ದೇನೆ. ನಿವೃತ್ತಿಯಾಗಿ ಈಗ ತುಮಕೂರಿನಲ್ಲೇ ಇದ್ದೇನೆ. ನಿಮ್ಮ ಟೇಬಲ್ ಮೇಲಿರುವಂಥ ಫೈಲು ನನ್ನ ಟೇಬಲ್ಲಿಗೂ ಹತ್ತಾರು ಬಂದಿವೆ. ಎಲ್ಲದರಲ್ಲೂ ಸರಿಯಾಗಿ ಬರೆದೆ ಅಂತ ಎದೆ ತಟ್ಟಿ ಹೇಳುವ ಹಾಗಿಲ್ಲ. ಅದನ್ನೂ ಹೇಳುತ್ತೇನೆ.

"ಈಗೇನ್ ನೀರ್ ಬರುತ್ತಾ" ಅನ್ನುವುದು ನಮ್ಮ ಸೀಮೆಯ ಹಳೇ ಮಾತು. ಹೇಳುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಬಯಲು ಸೀಮೆಯ ಹಳ್ಳ ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಬೇಸಿಗೆಯಲ್ಲಿ ಹೋದರೆ ಅದು ಹಳ್ಳದ ಹಾಗೆ ಕಾಣುವುದೂ ಇಲ್ಲ. ಲಾಂಟಾನ, ಜಾಲಿ, ಯಾರೋ ಟ್ರ್ಯಾಕ್ಟರ್‌ನಲ್ಲಿ ತಂದು ಸುರಿದ ಕಟ್ಟಡದ ಕಸ, ಮಧ್ಯೆ ಮೇಕೆ ನಡೆದ ದಾರಿ. ಕೋಲಾರದಲ್ಲಿ ನನ್ನ ಜೊತೆ ಬರುತ್ತಿದ್ದ ಸರ್ವೆ ಇಲಾಖೆಯ ವಯಸ್ಸಾದ ಚೈನ್‌ಮನ್ ಒಬ್ಬರು ನನಗೆ ಹಳ್ಳ ನೋಡುವುದನ್ನು ಕಲಿಸಿದರು. "ಸಾರ್, ನೆಲ ನೋಡಬೇಡಿ, ಮರ ನೋಡಿ" ಅಂದರು. ಹೊಂಗೆ ಮರಗಳು ಅಂಕುಡೊಂಕಾಗಿ ಸಾಲು ಹಿಡಿದು ನಿಂತಿದ್ದವು, ಬೇರು ಅರ್ಧ ಹೊರಗೆ. ಎರಡು ಬೇರಿನ ಮಧ್ಯೆ ಒಂದು ಹಳೇ ಪ್ಲಾಸ್ಟಿಕ್ ಚೀಲ ಮೊಣಕಾಲೆತ್ತರದಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಅಲ್ಲಿಗೆ ಯಾರೂ ಕಟ್ಟಿಟ್ಟಿರಲಿಲ್ಲ ಅಲ್ವಾ, ನೀರು ಬಂದು ಸಿಕ್ಕಿಸಿ ಹೋಗಿತ್ತು. ನನ್ನ ಎಂ.ಟೆಕ್‌ನಲ್ಲಿ ಇದು ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಕಾಗದಕ್ಕೆ ಬನ್ನಿ. ಕಣ್ಣಿಗೆ ಕಂಡದ್ದು ಒಂದೇ ಸಾಕಾಗುವುದಿಲ್ಲ. ಗ್ರಾಮ ನಕ್ಷೆ ತೆಗೆಯಿರಿ, ಆ ಸರ್ವೆ ನಂಬರಿನ ಟಿಪ್ಪಣಿ (ಸರ್ವೆಯವರ ಅಳತೆ ದಾಖಲೆ) ತೆಗೆಯಿರಿ, ಆಕಾರ್‌ಬಂದ್ (ವಿಸ್ತೀರ್ಣದ ದಾಖಲೆ) ಮತ್ತು ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು ತೋರಿಸಿದ್ದಾರೆ ನೋಡಿ. ಖರಾಬಿನಲ್ಲೂ ಎ, ಬಿ ಅಂತ ಎರಡಿದೆ. ಬಿ ಖರಾಬು ಅಂದರೆ ದಾರಿ, ಹಳ್ಳ, ಕಾಲುವೆ ಇಂಥ ಸಾರ್ವಜನಿಕ ಜಾಗ. ಜಮೀನಿನ ಮಾಲೀಕರ ಹೆಸರಿನ ಪಹಣಿಯಲ್ಲೇ ಅದು ಕಂಡರೂ ಅದು ಅವರದಲ್ಲ, ಅದರ ಮೇಲೆ ಸೈಟು ಮಾಡುವ ಹಾಗಿಲ್ಲ. ಸ್ಥಳದಲ್ಲಿ ನಿಂತು ಫೋನಿನಲ್ಲಿ ದಿಶಾಂಕ್ ಆಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಅದು ಸಾಕ್ಷಿಯಲ್ಲ, ಸುಳಿವು ಅಷ್ಟೆ. ಹಳ್ಳ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಹೇಳಬೇಕಾದವರು ಭೂಮಾಪನ ಇಲಾಖೆಯವರು. ನೀವು ಹೇಳಬೇಕಾದ್ದು ಕಂಡದ್ದನ್ನು ಮಾತ್ರ. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂಬತ್ತು ಸೈಟಿನ ಸಣ್ಣ ಹಳ್ಳಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ತುಮಕೂರಿನಲ್ಲಿ ಕೆಡಿಸಿಕೊಳ್ಳಲೇಬೇಕು. ನಮ್ಮ ದೇವರಾಯನದುರ್ಗದ ಬೆಟ್ಟದ ಸಾಲಿನಲ್ಲಿ ಶಿಂಷಾ ಹುಟ್ಟಿ ಕಾವೇರಿ ಕಡೆ ಹೋಗುತ್ತದೆ, ಅದೇ ಬೆಟ್ಟದಲ್ಲಿ ಜಯಮಂಗಲಿ ಹುಟ್ಟಿ ಉತ್ತರ ಪಿನಾಕಿನಿ ಕಡೆ ಹೋಗುತ್ತದೆ. ಅಂದರೆ ನಾವು ಕೂತಿರುವುದು ನೀರು ಎರಡು ದಿಕ್ಕಿಗೆ ಒಡೆಯುವ ದಿಬ್ಬದ ಹತ್ತಿರ. ಊರಿನ ಪಕ್ಕ ದೊಡ್ಡ ಹೊಳೆ ಇಲ್ಲ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ನಲ್ಲಿಗೆ ಬರುವ ಮೊದಲು ಹಿಂದಿನವರಿಗೆ ಕೆರೆ, ಬಾವಿ ಬಿಟ್ಟರೆ ಗತಿ ಇರಲಿಲ್ಲ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಹಳ್ಳದಲ್ಲಿ ಹರಿದು ಕೆಳಗಿನ ಕೆರೆ ಸೇರುವ ಹಾಗೆ ಮಾಡಿಟ್ಟಿದ್ದರು. ಅಮಾನಿಕೆರೆ ದಂಡೆ ಎಷ್ಟು ಚೆಂದ ಮಾಡಿದರೂ ಅದಕ್ಕೆ ನೀರು ತರುವ ಕಾಲುವೆ ಮುಚ್ಚಿದರೆ ಸುತ್ತ ವಾಕಿಂಗ್ ಮಾಡಬಹುದು, ಅಷ್ಟೆ.

ಕೋಲಾರದವರನ್ನು ಕೇಳಿ, ಇದರ ಬೆಲೆ ಹೇಳುತ್ತಾರೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರಲು ಶುರುವಾಯಿತು. ಆ ನೀರಿನ ಗುಣಮಟ್ಟದ ಜಗಳ ಬೇರೆ, ಅದಕ್ಕೆ ಈಗ ಹೋಗುವುದಿಲ್ಲ. ಪೈಪು ಒಂದು ಕೆರೆವರೆಗೆ ನೀರು ತರುತ್ತದೆ. ಅಲ್ಲಿಂದ ಮುಂದಿನ ಕೆರೆಗೆ ಹೋಗಬೇಕಾದ್ದು ಹಳೇ ಕಾಲುವೆಯಲ್ಲೇ. ಎಷ್ಟೋ ಕಡೆ ಆ ಕಾಲುವೆ ಹೊಲ ಆಗಿತ್ತು, ಕಾಂಪೌಂಡ್ ಆಗಿತ್ತು. ಇಪ್ಪತ್ತು ಮೂವತ್ತು ವರ್ಷದ ಹಿಂದೆ "ಈಗೇನ್ ನೀರ್ ಬರುತ್ತಾ" ಅಂದವರು ಆ ಹೊತ್ತಿಗೆ ನಿವೃತ್ತರಾಗಿದ್ದರು.

ಇನ್ನು ಆ ಒಂಬತ್ತು ಸೈಟು. ಬೇಲಿ ಅಂಚಿನ ಸೈಟು ಕೊಳ್ಳುವವರು ಯಾರು ಅಂತ ಯೋಚಿಸಿ. ದುಡ್ಡಿದ್ದವರು ಮುಂದಿನ ರಸ್ತೆಯ ಮೂಲೆ ಸೈಟು ತಗೊಳ್ತಾರೆ. ಕೊನೆಯ ಸಾಲು ಸ್ವಲ್ಪ ಕಡಿಮೆಗೆ ಸಿಗುತ್ತದೆ ಅಂತ ಗಾರ್ಮೆಂಟ್ಸ್‌ಗೆ ಹೋಗುವ ಗಂಡ ಹೆಂಡತಿಯೋ, ಪಿಎಫ್ ದುಡ್ಡು ಬಂದ ಬಸ್ ಡ್ರೈವರ್ರೋ ಒಡವೆ ಅಡ ಇಟ್ಟು ಕೊಳ್ಳುತ್ತಾರೆ. ಅವರು ಕೇಳುವುದು ಒಂದೇ ಪ್ರಶ್ನೆ: "ಅಪ್ರೂವ್ಡಾ?" ಅವರ ಪರವಾಗಿ ಆ ಜಮೀನಿಗೆ ಹೋಗಿ ಬಂದಿರುವ ಒಬ್ಬರೇ ಮನುಷ್ಯರು ನೀವು. ನಿಮ್ಮ ಮೇಷ್ಟ್ರು ಜನರ ಸೇವಕ ಅಂದರಲ್ಲ, ಆ ಜನ ಅಂದರೆ ಇವರೇ. ನಿಮ್ಮ ಆಫೀಸಿಗೆ ಯಾವತ್ತೂ ಬರುವುದಿಲ್ಲ, ನಿಮ್ಮ ಹೆಸರು ಅವರಿಗೆ ಗೊತ್ತೂ ಆಗುವುದಿಲ್ಲ.

ನನ್ನ ತಪ್ಪು ಹೇಳುತ್ತೇನೆ ಅಂದಿದ್ದೆ. ಈ ಮೂರು ಜಿಲ್ಲೆಯಲ್ಲೇ ಒಂದು ಊರು, ಹೆಸರು ಬೇಡ. ಕೆಲಸಕ್ಕೆ ಸೇರಿ ಆರೇಳು ವರ್ಷ ಆಗಿತ್ತು. ಬಡಾವಣೆ ಪಕ್ಕದ ಕಾಲುವೆಯನ್ನು ನಕ್ಷೆಯಲ್ಲಿ ಅರ್ಧ ಅಗಲ ತೋರಿಸಿದ್ದರು. ನನಗೆ ಗೊತ್ತಿತ್ತು. ಮಗಳಿಗೆ ಆಗ ಮೂರು ತಿಂಗಳು, ವರ್ಗಾವಣೆ ಪಟ್ಟಿ ಬರುವ ಕಾಲ. "ನಕ್ಷೆಯಂತೆ ಇದೆ" ಅಂತ ಬರೆದು ಸಹಿ ಹಾಕಿದೆ. ಸುಳ್ಳಲ್ಲ ನೋಡಿ, ಅವರು ಕೊಟ್ಟ ನಕ್ಷೆಯಂತೆ ಇತ್ತು. ಮಾತು ಎಷ್ಟು ಜಾಣತನದ್ದು! ಈಗ ಜೋರು ಮಳೆ ಬಂದಾಗಲೆಲ್ಲ ಆ ಬೀದಿಯ ಮನೆಗಳ ಹೊಸ್ತಿಲ ಮುಂದೆ ಮರಳಿನ ಚೀಲ ಇಡುತ್ತಾರೆ. ಒಮ್ಮೆ ಆ ಕಡೆ ಮದುವೆಗೆ ಹೋದಾಗ ನೋಡಿದೆ. ಯಾರೂ ನನ್ನನ್ನು ಬೈಯಲಿಲ್ಲ, ನಾನು ಯಾರು ಅಂತ ಅವರಿಗೆ ಗೊತ್ತೇ ಇಲ್ಲವಲ್ಲ.

ಸರಿ, ಈಗ ಫೈಲಿಗೆ ಏನು ಬರೆಯಬೇಕು. ನಿಮ್ಮ ವಯಸ್ಸಿನವರು ಸಿಟ್ಟಿನಲ್ಲಿ ಬರೆಯುವ ಟಿಪ್ಪಣಿ ನನಗೆ ಗೊತ್ತು: "ಅರ್ಜಿದಾರರು ಉದ್ದೇಶಪೂರ್ವಕವಾಗಿ ಹಳ್ಳವನ್ನು ಮರೆಮಾಚಿ ಪ್ರಾಧಿಕಾರಕ್ಕೆ ವಂಚಿಸಿರುತ್ತಾರೆ, ಆದ್ದರಿಂದ ತಿರಸ್ಕರಿಸಬೇಕು." ಹೀಗೆ ಬರೆದರೆ ನಿಮ್ಮ ಕಥೆ ಮುಗಿಯಿತು. ಉದ್ದೇಶ ನಿಮಗೆ ಹೇಗೆ ಗೊತ್ತು? ವಂಚನೆ ಅಂತ ತೀರ್ಮಾನಿಸಲು ನೀವು ಯಾರು? ನಾಳೆ ಅವರ ವಕೀಲರು ಈ ಎರಡು ಪದ ಹಿಡಿದುಕೊಂಡು ಕೂರುತ್ತಾರೆ, ಹಳ್ಳದ ಮಾತೇ ಬರುವುದಿಲ್ಲ.

ಬದಲಿಗೆ ಹೀಗೆ ಬರೆಯಿರಿ: "ದಿನಾಂಕ ಇಂಥದ್ದರಂದು ಸ್ಥಳ ಪರಿಶೀಲನೆ ಮಾಡಲಾಯಿತು. ಸದರಿ ಸರ್ವೆ ನಂಬರಿನ ಪೂರ್ವ ಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹಳ್ಳ ಹಾದುಹೋಗಿರುವುದು ಕಂಡುಬಂದಿದೆ, ಫೋಟೋ ಲಗತ್ತಿಸಿದೆ. ಗ್ರಾಮ ನಕ್ಷೆಯಲ್ಲಿಯೂ ಇದೇ ಭಾಗದಲ್ಲಿ ಹಳ್ಳ ಗುರುತಿಸಿದೆ. ಅರ್ಜಿಯ ಜೊತೆ ಸಲ್ಲಿಸಿರುವ ನಕ್ಷೆಯಲ್ಲಿ ಇದನ್ನು ತೋರಿಸಿರುವುದಿಲ್ಲ. ಭೂಮಾಪನ ಇಲಾಖೆಯೊಂದಿಗೆ ಜಂಟಿ ಸರ್ವೆ ಮಾಡಿಸಿ, ಹದ್ದು ಗುರುತಿಸಿ ವರದಿ ಪಡೆದ ನಂತರ ಮುಂದಿನ ಕ್ರಮ ಕೈಗೊಳ್ಳಬಹುದು. ಆದೇಶಕ್ಕಾಗಿ ಮಂಡಿಸಿದೆ." ಗ್ರಾಮ ನಕ್ಷೆಯಲ್ಲಿ ಹಳ್ಳ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ, ಇದೆ ಅಂತ ಎಳೆಯಬೇಡಿ. ಇದರಲ್ಲಿ ಯಾರನ್ನೂ ಬೈದಿಲ್ಲ, ಬೇಡ ಅಂತಲೂ ಅಂದಿಲ್ಲ. ಆದರೆ ಇದನ್ನು ದಾಟಿ ಮುಂದೆ ಹೋಗಬೇಕಾದವರು ತಮ್ಮ ಕೈಯಲ್ಲೇ, ತಮ್ಮ ಸಹಿಯಲ್ಲೇ "ಸರ್ವೆ ಬೇಡ" ಅಂತ ಬರೆಯಬೇಕು. ಬಾಯಲ್ಲಿ ಧೈರ್ಯವಾಗಿ ಹೇಳುವವರು ಪೆನ್ನು ಹಿಡಿಯುವಾಗ ಎಷ್ಟು ಯೋಚಿಸುತ್ತಾರೆ ಅಂತ ನೀವೇ ನೋಡುತ್ತೀರಿ.

ಬಾಯಿಮಾತಿನ ಆದೇಶದ ಬಗ್ಗೆ ಇನ್ನೊಂದು ವಿಷಯ. 2013ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ, ಸರ್ಕಾರಿ ಅಧಿಕಾರಿಗಳು ಮೌಖಿಕ ಸೂಚನೆ ಮೇಲೆ ಕೆಲಸ ಮಾಡಬಾರದು, ಮಾಡಲೇಬೇಕಾಗಿ ಬಂದರೆ ಅದನ್ನು ದಾಖಲಿಸಬೇಕು ಅಂತ ಹೇಳಿದೆ. "ತಮ್ಮ ಮೌಖಿಕ ಸೂಚನೆಯಂತೆ" ಅನ್ನುವ ಮೂರು ಪದ ಟಿಪ್ಪಣಿಯ ಮೊದಲಲ್ಲಿ ಬಂದರೆ ಫೈಲಿನ ಬಣ್ಣವೇ ಬದಲಾಗುತ್ತದೆ. ಆದರೆ ಇದನ್ನು ಮೊದಲ ದಿನವೇ ತೆಗೆಯಬೇಡಿ. ಮೇಲಿನ ಟಿಪ್ಪಣಿ ವಾಪಸ್ ಬಂದು, ಬದಲಾಯಿಸು ಅಂತ ಮತ್ತೆ ಬಾಯಲ್ಲೇ ಹೇಳಿದರೆ ಆಗ ತೆಗೆಯಿರಿ.

ಅಪಾಯ ಇಲ್ಲವಾ? ಇದೆ. ಖಾಯಂ ನೌಕರರನ್ನು ಬಹಳ ಸಲ ವರ್ಗ ಮಾಡಿ ಬಿಡುತ್ತಾರೆ. ನೀವು ಗುತ್ತಿಗೆಯವರು. ಅವಧಿ ಮುಗಿದಾಗ ಮುಂದುವರಿಸದೆ ಸುಮ್ಮನಾದರೆ ಕೇಳುವುದು ಕಷ್ಟ. ಕಾರಣ ಏನು ಅಂತ ಯಾರೂ ಬರೆಯುವುದೂ ಇಲ್ಲ. ಇನ್ನೂ ಸಾಮಾನ್ಯವಾಗಿ ಆಗುವುದು ಏನೆಂದರೆ, ಫೈಲನ್ನು ನಿಮ್ಮ ಟೇಬಲ್‌ನಿಂದ ಎತ್ತಿ ಬೇರೆಯವರಿಗೆ ಕೊಡುತ್ತಾರೆ, ಅವರು ಹೊಸ ವರದಿ ಹಾಕುತ್ತಾರೆ. ಆಗ ನೀವು ಸೋತಿರಿ ಅಂದುಕೊಳ್ಳಬೇಡಿ. ನಿಮ್ಮ ವರದಿ ಟಿಪ್ಪಣಿ ಹಾಳೆಯಲ್ಲಿ ಸಂಖ್ಯೆ ಹಾಕಿಸಿಕೊಂಡು ಕೂತಿರುತ್ತದೆ, ಅದನ್ನು ಕಿತ್ತು ಹಾಕುವುದು ದೊಡ್ಡ ಅಪರಾಧ. ಮಾಹಿತಿ ಹಕ್ಕಿನಲ್ಲಿ ಯಾರೋ ಕೇಳಿದ ದಿನ ಅದು ಹೊರಗೆ ಬರುತ್ತದೆ. ಒಂದು ಎಚ್ಚರಿಕೆ: ಫೈಲಿನ ಹಾಳೆಗಳ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಸ್ನೇಹಿತರಿಗೋ ಪತ್ರಕರ್ತರಿಗೋ ಕಳಿಸಬೇಡಿ. ಹಾಗೆ ಮಾಡಿದ ಹುಡುಗರು ಸರಿ ಇದ್ದೂ ತಪ್ಪಿತಸ್ಥರಾಗಿದ್ದನ್ನು ನೋಡಿದ್ದೇನೆ. ಸ್ವಂತ ಡೈರಿ ಇಟ್ಟುಕೊಳ್ಳಿ, ಯಾವ ದಿನ ಎಲ್ಲಿಗೆ ಹೋದೆ, ಯಾರು ಏನಂದರು ಅಂತ ಬರೆದಿಡಿ.

ಕಾಗದ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟಿದ್ದರು. ಸೂಚನೆ ಬಂದದ್ದು ಸರ್ಕಾರದ ತುದಿಯಿಂದ, ಪ್ರಾಧಿಕಾರ ಹೂಂ ಅಂದಿತ್ತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಿಲ್ಲುವುದಿಲ್ಲ ಅಂದಿತು. ಪಾರ್ಕು ಜನರಿಗಾಗಿ ಬಿಟ್ಟಿದ್ದು, ಮೇಲಿನವರು ಹೇಳಿದರು ಅಂತ ಪ್ರಾಧಿಕಾರ ತನ್ನ ಬುದ್ಧಿ ಓಡಿಸದೆ ಕೊಡುವ ಹಾಗಿಲ್ಲ ಅನ್ನುವುದು ತೀರ್ಪಿನ ತಿರುಳು. ಪ್ಲಾನಿಂಗ್ ಓದುವ ಮಕ್ಕಳಿಗೆ ಇದನ್ನು ಮೊದಲ ವರ್ಷವೇ ಓದಿಸಬೇಕು. ಚಂಡೀಗಢದಂಥ ಯೋಜಿತ ನಗರದ ನಕ್ಷೆ ಆಮೇಲೆ ನೋಡಿಕೊಂಡರಾಯಿತು.

ಇನ್ನು ಕೆಲವು ತಪ್ಪು ತಿಳಿವಳಿಕೆ. ಪ್ಲಾನರ್ ಊರು ಕಟ್ಟುತ್ತಾರೆ ಅನ್ನುವುದು ಮೊದಲನೆಯದು. ಇಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ನಿಮಗೆ ಕೊಟ್ಟಿರುವುದು ಮಾಸ್ಟರ್ ಪ್ಲಾನ್ (ಊರಿನ ಯಾವ ಜಾಗ ಯಾವುದಕ್ಕೆ ಅನ್ನುವ ಯೋಜನೆ) ಮತ್ತು ಅದರ ಪ್ರಕಾರ ಅನುಮತಿ. ನೀರು, ಒಳಚರಂಡಿ ಒಂದು ಮಂಡಳಿಯ ಕೈಯಲ್ಲಿ, ಬೀದಿ ಪಾಲಿಕೆಯ ಕೈಯಲ್ಲಿ, ಹೆದ್ದಾರಿ ಕೇಂದ್ರದ ಕೈಯಲ್ಲಿ, ವಸಂತನರಸಾಪುರದಂಥ ಕೈಗಾರಿಕಾ ಜಾಗ ಇನ್ನೊಬ್ಬರ ಕೈಯಲ್ಲಿ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿಗೆ ಆಯ್ಕೆಯಾದಾಗ ಆ ಕೆಲಸಕ್ಕೆ ಬೇರೆ ಕಂಪನಿಯನ್ನೇ ಮಾಡಿದರು. ಮದುವೆ ಮನೆಯಲ್ಲಿ ಅಡುಗೆ ಒಬ್ಬರದು, ಶಾಮಿಯಾನ ಒಬ್ಬರದು, ಲಗ್ನಪತ್ರಿಕೆ ಬರೆದವರು ಮಾತ್ರ ನಾವು. ಮಾಸ್ಟರ್ ಪ್ಲಾನ್‌ನಲ್ಲಿ ರಸ್ತೆ ಎಳೆದರೆ ರಸ್ತೆ ಆಗುವುದಿಲ್ಲ, ಯಾರೋ ಜಮೀನಿಗೆ ದುಡ್ಡು ಕೊಡಬೇಕು. ಇದನ್ನು ತಿಳಿಯದೆ ಬಂದವರೇ ಬೇಗ ಕಹಿಯಾಗುವುದು.

ಎಲ್ಲರೂ ಕಳ್ಳರು ಅನ್ನುವುದು ಎರಡನೆಯದು. ಕಳ್ಳರಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ನೋಡಿದ ಹಾಗೆ ಜಾಸ್ತಿ ಜನ ಸುಸ್ತಾದವರು. 2021ರಲ್ಲಿ ನೀತಿ ಆಯೋಗ ನಗರ ಯೋಜನೆ ಬಗ್ಗೆ ಒಂದು ವರದಿ ಕೊಟ್ಟಿತು. ದೇಶದ 7,933 ನಗರ ಪ್ರದೇಶಗಳಲ್ಲಿ 65%ಕ್ಕೆ ಮಾಸ್ಟರ್ ಪ್ಲಾನೇ ಇಲ್ಲ. ರಾಜ್ಯಗಳ ಯೋಜನಾ ಇಲಾಖೆಗಳಿಗೆ ಹನ್ನೆರಡು ಸಾವಿರಕ್ಕೂ ಜಾಸ್ತಿ ಪ್ಲಾನರ್‌ಗಳು ಬೇಕು, ಮಂಜೂರಾದ ಹುದ್ದೆ ನಾಲ್ಕು ಸಾವಿರಕ್ಕೂ ಕಡಿಮೆ, ಅದರಲ್ಲೂ 42% ಖಾಲಿ. ಎರಡು ಮೂರು ಊರಿನ ಚಾರ್ಜ್ ಇರುವವರು, ದಿನಕ್ಕೆ ಹತ್ತು ಫೈಲು ನೋಡುವವರು, ಸ್ಥಳಕ್ಕೆ ಹೋಗಲು ಜೀಪು ಇಲ್ಲದವರು "ನಕ್ಷೆಯಂತೆ ಇದೆ" ಅಂತ ಬರೆಯುತ್ತಾರೆ. ನಿಮಗೆ ಹಾಗೆ ಹೇಳಿದವರೂ ಒಂದು ಕಾಲದಲ್ಲಿ ನಿಮ್ಮ ಹಾಗೇ ಹಳ್ಳ ನೋಡಿಕೊಂಡು ಬಂದವರಿರಬಹುದು. ಅವರಿಗೆ ಕ್ಷಮೆ ಕೊಡಿ ಅಂತ ಹೇಳುತ್ತಿಲ್ಲ, ಅವರ ಜೊತೆ ದಿನಾ ಟೀ ಕುಡಿಯಬೇಕಲ್ಲ, ಅದಕ್ಕೆ ಹೇಳಿದೆ.

ಇನ್ನೊಂದು ಮಾತು, ಲೇಔಟ್ ಫೈಲು ಬಿಟ್ಟು ಬೇರೆ ಕೆಲಸ ಇಲ್ಲ ಅಂದಿರಿ. ಕೇಳಿ ತೆಗೆದುಕೊಂಡರೆ ಇದೆ. ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದರೆ ಜನ ಆಕ್ಷೇಪಣೆ ಕೊಡಲು 60 ದಿನ ಇರುತ್ತದೆ. ಚಿಕ್ಕಬಳ್ಳಾಪುರದಲ್ಲಿ ಆ ಅವಧಿ ಮುಗಿದ ಮೇಲೆ ಒಬ್ಬ ದ್ರಾಕ್ಷಿ ಬೆಳೆಗಾರರು ಬಂದರು. ಕೈಯಲ್ಲಿ ಪಹಣಿ, ಕಾಲಲ್ಲಿ ತೋಟದ ಮಣ್ಣು. ಗೋಡೆಗೆ ಹಾಕಿದ್ದ ನಕ್ಷೆ ಇಂಗ್ಲಿಷಿನದು, ಸರ್ವೆ ನಂಬರ್ ಇರುವೆಗಿಂತ ಸಣ್ಣದು. "ಸ್ವಾಮಿ, ಇದರಲ್ಲಿ ನನ್ನ ತೋಟ ಎಲ್ಲಿದೆ ತೋರಿಸಿ" ಅಂದರು. ಹುಡುಕಲು ನನಗೇ ಹತ್ತು ನಿಮಿಷ ಬೇಕಾಯಿತು. ತೋಟದ ನಡುವೆ ನಾವೇ ಎಳೆದ 24 ಮೀಟರ್ ರಸ್ತೆ ಹೋಗಿತ್ತು. ಮುಂದಿನ ಊರಿನಲ್ಲಿ ನಾನು ಮತ್ತು ಇಬ್ಬರು ಹುಡುಗರು ಸೇರಿ ಹಳ್ಳಿವಾರು ಸರ್ವೆ ನಂಬರ್ ಪಟ್ಟಿಯನ್ನು ಕನ್ನಡದಲ್ಲಿ ಬರೆದೆವು: ಇಂಥ ನಂಬರ್, ರಸ್ತೆ ಹೋಗುತ್ತದೆ, ಇಂಥ ನಂಬರ್, ಹಸಿರು ವಲಯ. ಪಂಚಾಯಿತಿ ಗೋಡೆಗೂ, ಹಾಲಿನ ಡೈರಿ ಬಾಗಿಲಿಗೂ ಅಂಟಿಸಿದೆವು. ಬೆಳಿಗ್ಗೆ ಸಂಜೆ ಊರೆಲ್ಲ ಬರುವುದು ಡೈರಿಗೇ ಅಲ್ವಾ. ಆಕ್ಷೇಪಣೆ ರಾಶಿ ಬಿತ್ತು. ಮೇಲಿನವರಿಗೆ ಖುಷಿಯಾಗಲಿಲ್ಲ. ನನ್ನ ಸರ್ವೀಸಿನಲ್ಲಿ ಮಾಡಿದ ಒಳ್ಳೆ ಕೆಲಸ ಅಂದರೆ ನನಗೆ ನೆನಪಾಗುವುದು ಆ ಪಟ್ಟಿ, ಅದಕ್ಕೆ ಖರ್ಚಾದದ್ದು ಜೆರಾಕ್ಸ್ ಮತ್ತು ಗೋಂದು.

ಬೀದಿ ವ್ಯಾಪಾರಿಗಳ ಕೆಲಸವೂ ಹಾಗೆಯೇ. 2014ರ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಅವರನ್ನು ಎಬ್ಬಿಸುವ ಹಾಗಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಅವರದೇ ಪ್ರತಿನಿಧಿಗಳು ಇರಬೇಕು. ಯಾವ ಜಾಗ ಅವರಿಗೆ ಅಂತ ಗುರುತಿಸುವಾಗ ಪ್ಲಾನಿಂಗ್ ಓದಿದವರೊಬ್ಬರು ಜೊತೆಗಿದ್ದರೆ ತಳ್ಳುಗಾಡಿಯನ್ನು ಯಾರೂ ಬರದ ಮೂಲೆಗೆ ತಳ್ಳುವುದು ತಪ್ಪುತ್ತದೆ.

ಹೊರಗಿನ ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನಲ್ಲಿ ನಾರ್ಮನ್ ಕ್ರಮ್‌ಹೋಲ್ಜ್ ಅನ್ನುವವರು 1969ರಿಂದ 1979ರವರೆಗೆ ಯೋಜನಾ ನಿರ್ದೇಶಕರಾಗಿದ್ದರು. ಬೇರೆ ಬೇರೆ ಥರದ ಮೂವರು ಮೇಯರ್‌ಗಳ ಕೈಕೆಳಗೆ. ಆಯ್ಕೆಯೇ ಇಲ್ಲದವರಿಗೆ ಆಯ್ಕೆ ಹೆಚ್ಚಿಸಬೇಕು ಅಂತ 1975ರ ವರದಿಯಲ್ಲಿ ಬರೆದಿಟ್ಟು, ಕಾರಿಲ್ಲದವರಿಗೆ ಬಸ್ ದರ ಇಳಿಸಿ ಅಂತ ಪಟ್ಟು ಹಿಡಿದರು. ನನಗೆ ಆಶ್ಚರ್ಯ ಅವರ ಆದರ್ಶದ ಬಗ್ಗೆ ಅಲ್ಲ. ಹತ್ತು ವರ್ಷ ಅದೇ ಕುರ್ಚಿಯಲ್ಲಿ ಉಳಿದರಲ್ಲ, ಅದು. ಪ್ರತಿ ಪ್ರಸ್ತಾವಕ್ಕೂ "ಇದರಿಂದ ಯಾರಿಗೆ ಲಾಭ, ದುಡ್ಡು ಯಾರದು" ಅಂತ ಲೆಕ್ಕ ಬರೆದು ಎದುರಿಗೆ ಇಡುತ್ತಿದ್ದರು, ಅಷ್ಟೆ.

ಈಗ ನಿಮ್ಮ ಮೂರು ದಾರಿ. ಕೆಪಿಎಸ್‌ಸಿ ಬರೆಯಿರಿ ಅನ್ನುವುದು ನನ್ನ ಮೊದಲ ಮಾತು. ಖಾಯಂ ಕುರ್ಚಿ ಇದ್ದರೆ ಮೇಲಿನ ಟಿಪ್ಪಣಿಯನ್ನು ಕೈ ನಡುಗದೆ ಬರೆಯಬಹುದು. ತೊಂದರೆ ಏನು ಅಂದರೆ ಅಧಿಸೂಚನೆ ಯಾವಾಗ ಅಂತ ಯಾರ ಕೈಯಲ್ಲೂ ಇಲ್ಲ, ಬಂದ ಮೇಲೂ ಪರೀಕ್ಷೆ, ಪಟ್ಟಿ, ಕೋರ್ಟು ಅಂತ ವರ್ಷಗಳು ಹೋಗುತ್ತವೆ. ಅದನ್ನೇ ನಂಬಿ ಇರುವ ಕೆಲಸ ಬಿಟ್ಟು ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ಹಿಡಿದು ಕೂರಬೇಡಿ. ಕೆಲಸದ ಜೊತೆಗೇ ಓದಿ. ಕಾಯ್ದೆ ನಿಮಗೆ ಈಗಾಗಲೇ ಕೈಗೆ ಹತ್ತಿದೆ, ಮನೆಯಲ್ಲಿ ಕೂತು ಓದುವವರಿಗೆ ಅದಿಲ್ಲ.

ಬೆಂಗಳೂರಿನ ಕಂಪನಿಗೆ ಹೋಗುವುದು ಪಾಪ ಏನಲ್ಲ. ಸಾಲ ಇರುವವರಿಗೆ ಸೇವೆಯ ಪಾಠ ಹೇಳುವುದು ನನಗೆ ನಾಚಿಕೆ. ಒಂದು ವಿಷಯ ಹೇಳುತ್ತೇನೆ, ನಂಬುತ್ತೀರೋ ಇಲ್ಲವೋ: ಜಮೀನು ಕೊಳ್ಳುವ ಮೊದಲೇ "ಇಲ್ಲಿ ಹಳ್ಳ ಇದೆ, ಬಿ ಖರಾಬು ಇದೆ" ಅಂತ ಹೇಳುವ ಪ್ಲಾನರ್ ಮಾತನ್ನು ಒಳ್ಳೆ ಕಂಪನಿ ನಿಮ್ಮ ಆಫೀಸಿನವರಿಗಿಂತ ಬೇಗ ಕೇಳುತ್ತದೆ, ಅವರ ದುಡ್ಡು ಉಳಿಯುತ್ತದಲ್ಲ. ಕೊಂಡ ಮೇಲೆ ಹೇಳಿದರೆ ಮಾತ್ರ ನಿಮ್ಮನ್ನೇ "ಅದನ್ನು ಹೇಗಾದರೂ ಸರಿ ಮಾಡಿ" ಅನ್ನುತ್ತಾರೆ. ಆಗ ಪ್ರಾಧಿಕಾರದ ಯಾವುದೋ ಹುಡುಗಿಯ ಟೇಬಲ್ ಮುಂದೆ ನೀವು ನಕ್ಷೆ ಹಿಡಿದು ನಿಂತಿರುತ್ತೀರಿ. ಸೇರುವ ಮೊದಲೇ ನನ್ನ ಸಹಿ ಯಾವುದರ ಮೇಲೆ ಬೀಳುತ್ತದೆ ಅಂತ ಕೇಳಿಕೊಳ್ಳಿ. ಕೆಲಸ ಪೂರ್ತಿ ಬಿಟ್ಟು ಸಂಘ ಸಂಸ್ಥೆ ಕಡೆ ಹೋಗುವ ಯೋಚನೆ ಇದ್ದರೆ ಸಾಲ ತೀರುವ ತನಕ ಬೇಡ. ಅಲ್ಲಿ ಮಾತಾಡಲು ಜಾಗ ಜಾಸ್ತಿ, ಸಂಬಳದ ದಿನಾಂಕ ಮಾತ್ರ ಗಟ್ಟಿ ಇರುವುದಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ತಿಂಗಳು ರಾಜೀನಾಮೆ ಕೊಡುತ್ತಿರಲಿಲ್ಲ. ವರದಿ ಹಾಕುತ್ತಿದ್ದೆ, ಕೆಪಿಎಸ್‌ಸಿ ಪುಸ್ತಕ ತರುತ್ತಿದ್ದೆ, ಎರಡು ಕಡೆ ಅರ್ಜಿಯನ್ನೂ ಹಾಕಿಟ್ಟಿರುತ್ತಿದ್ದೆ. ಬೇರೆ ಬಾಗಿಲು ತೆರೆದಿದೆ ಅಂತ ಗೊತ್ತಿದ್ದರೆ ಟಿಪ್ಪಣಿ ಬರೆಯುವ ಕೈಗೆ ಬಲ ಬರುತ್ತದೆ. ಹತ್ತು ತಿಂಗಳು, ಒಂದು ವರ್ಷ ಅಂತ ನಿಮಗೆ ನೀವೇ ಒಂದು ದಿನಾಂಕ ಹಾಕಿಕೊಳ್ಳಿ. ಆ ದಿನ ಡೈರಿ ತೆಗೆದು ನೋಡಿ. ನೀವು ಬರೆದ ಟಿಪ್ಪಣಿಗಳಲ್ಲಿ ನಾಲ್ಕಾದರೂ ನಿಂತಿದ್ದರೆ ಇರಿ. ಒಂದೂ ನಿಲ್ಲದೆ, ಅದಕ್ಕಿಂತ ಮುಖ್ಯವಾಗಿ ನೀವೇ ಬರೆಯುವುದನ್ನು ಬಿಟ್ಟಿದ್ದರೆ, ಹೊರಡಿ. ಅಪ್ಪನಿಗೆ ಈ ದಿನಾಂಕ ಹೇಳಿಬಿಡಿ. ಅವರಿಗೆ ಬೇಕಾಗಿರುವುದು ನೀವು ತಲೆ ತಗ್ಗಿಸುವುದಲ್ಲ, ಮುಂದಿನ ತಿಂಗಳ ಕಂತು ಹೋಗುತ್ತದೆ ಅನ್ನುವ ಧೈರ್ಯ.

ಇನ್ನು ಆ ಫೈಲು. ಫೋಟೋ ಹೋದ ತಿಂಗಳದ್ದು ಅಂದರೆ ಒಣ ಹಳ್ಳದ್ದೇ ಇರಬೇಕು. ಇನ್ನೊಂದು ಒಳ್ಳೆ ಮಳೆ ಬಿದ್ದ ಮಾರನೇ ಬೆಳಿಗ್ಗೆ, ಆಫೀಸಿಗೆ ಹೋಗುವ ಮೊದಲೇ ಅಲ್ಲಿಗೆ ಹೋಗಿ. ಗಮ್ ಬೂಟು ಇಲ್ಲದಿದ್ದರೆ ಹಳೇ ಚಪ್ಪಲಿ ಸಾಕು. ನೀರು ಕಾಣುವ ಹಾಗೆ, ಪಕ್ಕದ ಸರ್ವೆ ಕಲ್ಲು ಅಥವಾ ಕರೆಂಟ್ ಕಂಬ ಒಂದೇ ಫ್ರೇಮಿನಲ್ಲಿ ಬರುವ ಹಾಗೆ, ದಿನಾಂಕ ಮತ್ತು ಸ್ಥಳ ಮೂಡುವ ಹಾಗೆ ನಾಲ್ಕು ಫೋಟೋ ತೆಗೆಯಿರಿ. ಹತ್ತಿರದ ಮನೆಯವರನ್ನು ಮಾತಾಡಿಸಿ, ನೀರು ಎಲ್ಲಿವರೆಗೆ ಬರುತ್ತದೆ ಅಂತ ಕೇಳಿ. ಕಾಂಪೌಂಡ್ ಮೇಲಿನ ಕೆಸರಿನ ಗೆರೆ ಅವರೇ ತೋರಿಸುತ್ತಾರೆ.